ಹಬ್ಬದ ಮರುದಿನ ಕೊಟ್ಟಿಗೆ ಕಲಿಸಿದ್ದು

ಹಳ್ಳಿಯ ಪಶುವೈದ್ಯರಿಗೆ ಹಬ್ಬಕ್ಕಿಂತ ಹಬ್ಬದ ಮರುದಿನವೇ ದೊಡ್ಡದು. ಹಬ್ಬದ ದಿನ ಫೋನು ಹೆಚ್ಚಾಗಿ ಸುಮ್ಮನಿರುತ್ತದೆ. ದನಗಳ ಮೈತೊಳೆದು, ಅರಿಸಿನ ಕುಂಕುಮ ಇಟ್ಟು, ಆರತಿ ಎತ್ತುವ ಸಡಗರದಲ್ಲಿ ಯಾರಿಗೂ ಡಾಕ್ಟರು ನೆನಪಾಗುವುದಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಕರೆಗಳು ಶುರುವಾಗುತ್ತವೆ. ‘ಡಾಕ್ಟ್ರೇ, ರಾತ್ರಿಯಿಂದ ಮೆಲುಕು ಆಡ್ತಿಲ್ಲ.’ ‘ಸಾ, ಹಸ ಎದ್ದೇ ನಿಲ್ತಿಲ್ಲ.’ ‘ಕೆಚ್ಚಲ ಮೇಲೆ ಬೊಬ್ಬೆ ಎದ್ದದೆ, ಹಾಲು ಕರೆಯಕ್ಕೆ ಬಿಡ್ತಿಲ್ಲ.’ ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆಲಸ ಮಾಡುತ್ತ ಬಂದ ನನಗೆ ಸಂಕ್ರಾಂತಿ, ಯುಗಾದಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ ಎಲ್ಲವೂ ತಮ್ಮ ತಮ್ಮ ಕಾಯಿಲೆಗಳ ಜೊತೆಗೇ ಪರಿಚಯವಾದವು.

ಈ ಕರೆಗಳು ಬಂದ ಮನೆಗಳಲ್ಲಿ ಪ್ರಾಣಿಯನ್ನು ಹಿಂಸಿಸಬೇಕೆಂದು ಹಿಂಸಿಸಿದವರು ಅಪರೂಪ. ಹಸು ನೆಲಕ್ಕೊರಗಿದ್ದರೆ ಮನೆಯ ಹೆಂಗಸು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಯಜಮಾನ ಬೆಳಗಿನಿಂದ ಒಂದು ತೊಟ್ಟು ಕಾಫಿಯನ್ನೂ ಕುಡಿದಿರುವುದಿಲ್ಲ. ಹಿಂದಿನ ಸಂಜೆ ಅದರ ಹಣೆಗೆ ಕುಂಕುಮ ಇಟ್ಟದ್ದೂ ಈ ಕೈಗಳೇ, ಅದು ನರಳುವಂತಾಗಿದ್ದೂ ಈ ಕೈಗಳಿಂದಲೇ. ಇದನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಯಿತು. ಹಬ್ಬದಲ್ಲಿ ಪ್ರಾಣಿಗಳು ಪಡುವ ಪಾಡಿನ ದೊಡ್ಡ ಪಾಲು ಪ್ರೀತಿಯಿಲ್ಲದ್ದರಿಂದ ಬಂದದ್ದಲ್ಲ. ಅವುಗಳ ಮೈ ಏನು ಕೇಳುತ್ತದೆ ಎಂದು ವಿಚಾರಿಸದೆ, ನಮಗೆ ಸಂತೋಷ ಕೊಡುವುದನ್ನೇ ಅವುಗಳ ಮೇಲೆ ಹೇರುವುದರಿಂದ ಬಂದದ್ದು. ಹಾಗಾಗಿ ಅದನ್ನು ತಡೆಯುವುದೂ ಸಾಧ್ಯ. ಪ್ರೀತಿ ಇರುವ ಮನೆಗೆ ತಿಳಿವಳಿಕೆ ತಲುಪಿಸುವುದು, ಪ್ರೀತಿಯೇ ಇಲ್ಲದ ಮನೆಗೆ ಪ್ರೀತಿಯನ್ನು ತಲುಪಿಸುವಷ್ಟು ಕಷ್ಟವಲ್ಲ.

ಎಡೆಯ ಅನ್ನ

ಅತಿ ಹೆಚ್ಚು ಹಸುಗಳು ಸಾಯುವ ಅಪಾಯವಿರುವುದು ಬೆಂಕಿಯಿಂದಲೂ ಅಲ್ಲ, ಪಟಾಕಿಯಿಂದಲೂ ಅಲ್ಲ, ಊಟದಿಂದ. ಹಬ್ಬದ ದಿನ ಹಸುವಿಗೆ ಮೊದಲು ಎಡೆ ಇಡುತ್ತಾರೆ: ಪೊಂಗಲ್ಲು, ಹೋಳಿಗೆ, ಪಾಯಸ, ಅನ್ನ, ಬಾಳೆಹಣ್ಣು. ಅಕ್ಕಪಕ್ಕದ ಮನೆಯವರೂ ತಂದು ತಿನ್ನಿಸುತ್ತಾರೆ. ಸಂಜೆಯಾದ ಮೇಲೆ ಮಿಕ್ಕಿದ ಅನ್ನ, ಚಿತ್ರಾನ್ನ, ಪಾತ್ರೆ ತೊಳೆದ ನೀರು ಎಲ್ಲವೂ ಕಲಗಚ್ಚಿನ ಬಾನಿ ಸೇರುತ್ತವೆ. ಬೆಲ್ಲದ ರುಚಿ ಇರುವುದರಿಂದ ಹಸು ತಳ ಕಾಣುವ ತನಕ ಕುಡಿಯುತ್ತದೆ. ‘ಎಷ್ಟು ಆಸೆಪಟ್ಟು ತಿಂತು ನೋಡಿ’ ಎಂದು ಮನೆಮಂದಿ ಸಂತೋಷಪಡುತ್ತಾರೆ.

ಹಸುವಿನ ಮೊದಲ ಹೊಟ್ಟೆ, ಅಂದರೆ ರೂಮೆನ್, ದೊಡ್ಡ ಸೀಮೆಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಲ್ಲಿನ ನಾರನ್ನು ಅಲ್ಲಿ ಕರಗಿಸುವುದು ಅಲ್ಲೇ ನೆಲೆ ನಿಂತ ಕೋಟ್ಯಂತರ ಸೂಕ್ಷ್ಮಜೀವಿಗಳು. ನಾರಿಗೆ ಒಗ್ಗಿದ ಆ ಲೋಕಕ್ಕೆ ಬೇಯಿಸಿದ ಅಕ್ಕಿಯ ಪಿಷ್ಟವೂ ಬೆಲ್ಲವೂ ಒಮ್ಮೆಗೇ ಬಂದು ಬಿದ್ದರೆ ಹುಲ್ಲು ಕರಗಿಸುವ ಜೀವಿಗಳು ಸಾಯತೊಡಗುತ್ತವೆ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಮಿತಿಮೀರಿ ಹೆಚ್ಚುತ್ತವೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ರೂಮೆನ್ನಿನ ಪಿಎಚ್ 5ಕ್ಕಿಂತ ಕೆಳಗೆ ಇಳಿಯುತ್ತದೆ. ಆಮ್ಲ ತುಂಬಿದ ಹೊಟ್ಟೆ ರಕ್ತದಲ್ಲಿನ ನೀರನ್ನೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೂ ಮೈ ಬತ್ತಿಹೋಗುತ್ತದೆ. ಕಣ್ಣು ಗುಳಿಬೀಳುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿವಾಸನೆಯ ಸಗಣಿ ನೀರಾಗಿ ಹೋಗುತ್ತದೆ, ನಡೆದರೆ ಕಾಲು ತೊಡರುತ್ತದೆ, ಆಮೇಲೆ ಮಲಗಿದರೆ ಏಳುವುದಿಲ್ಲ. ತಿಂದ ಅರ್ಧ ದಿನದಿಂದ ಒಂದೂವರೆ ದಿನದೊಳಗೆ ಇದೆಲ್ಲ ಕಾಣಿಸಿಕೊಳ್ಳುವುದರಿಂದಲೇ ನಮಗೆ ಕರೆ ಮರುದಿನ ಬರುವುದು.

ಬೇಗ ತಿಳಿಸಿದರೆ ಉಳಿಸಬಹುದು. ಸೋಡಿಯಂ ಬೈಕಾರ್ಬೊನೇಟ್ ಕೊಡುತ್ತೇವೆ, ಸಲೈನ್ ಏರಿಸುತ್ತೇವೆ, ಆರೋಗ್ಯವಾಗಿರುವ ಇನ್ನೊಂದು ಹಸುವಿನ ಹೊಟ್ಟೆಯ ರಸ ತಂದು ಕುಡಿಸಿ ಸತ್ತ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವನ್ನು ಕೂರಿಸುತ್ತೇವೆ. ತೀರಾ ಮೀರಿದ್ದರೆ ಎಡಮಗ್ಗುಲು ಕೊಯ್ದು ಹೊಟ್ಟೆಯನ್ನೇ ಬರಿದು ಮಾಡಬೇಕು. ಬದುಕುಳಿದ ಹಸುಗಳಲ್ಲೂ ಕೆಲವು ಗೊರಸಿನ ಉರಿಯೂತದಿಂದ ತಿಂಗಳುಗಟ್ಟಲೆ ಕುಂಟುತ್ತವೆ.

ಹೀಗೆ ಮಲಗಿದ್ದ ಹಸುವೊಂದಕ್ಕೆ ಚಿಕಿತ್ಸೆ ಕೊಟ್ಟು ಕೈತೊಳೆಯುವಾಗ ಆ ಮನೆಯ ಅಜ್ಜಿ ಕೇಳಿದರು: ‘ಅಲ್ಲ ಕಣಪ್ಪ, ವರ್ಷೆಲ್ಲಾ ನಮಗೆ ಹಾಲು ಕೊಡ್ತದೆ. ಹಬ್ಬದ್ ದಿವ್ಸ ನಾವ್ ಉಂಡಿದ್ದನ್ನ ಅದಕ್ಕೂ ಕೊಡಬ್ಯಾಡ್ವಾ?’ ಆ ಪ್ರಶ್ನೆಯಲ್ಲಿದ್ದ ನ್ಯಾಯ ದೊಡ್ಡದು. ನಾನು ಹೇಳಿದೆ: ‘ಕೊಡಿ ಅವ್ವಾ. ಎಡೆ ಅಂತ ಒಂದು ಹಿಡಿ ಕೊಡಿ. ಹಬ್ಬದ ಊಟ ಅಂತ ಕೊಡೋದು ಅದಕ್ಕೆ ಹಬ್ಬ ಆಗೋ ಹಂಗೆ ಇರ್ಲಿ. ಒಳ್ಳೇ ಹಸಿಹುಲ್ಲು, ಕಬ್ಬಿನ ಸೋಗೆ ತಂದು ಗೊಂತು ತುಂಬಾ ಹಾಕಿ.’ ಮುಂದಿನ ಹಬ್ಬಕ್ಕೆ ಆ ಮನೆಯವರು ಹಾಗೇ ಮಾಡಿದರು. ಅಜ್ಜಿ ಓಣಿಯ ಹೆಂಗಸರಿಗೆಲ್ಲ ಅದನ್ನು ಹೇಳಿದರು. ಬಿಳಿ ಕೋಟು ಹಾಕಿದ ನನ್ನ ಮಾತಿಗಿಂತ ಅವರ ಮಾತು ಬೇಗ ಹರಡಿತು.

ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ. ಹೊಟ್ಟೆಯುಬ್ಬಿ ಮಲಗಿದ ದನದ ಬಾಯಿಗೆ ಗೊಟ್ಟದಲ್ಲಿ ಎಣ್ಣೆಯನ್ನೋ ಕಷಾಯವನ್ನೋ ಹೊಯ್ಯಬೇಡಿ. ನುಂಗುವ ಶಕ್ತಿ ಕಳೆದುಕೊಂಡ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಇಳಿದು, ಹೊಟ್ಟೆಯ ಕಾಯಿಲೆಗಿಂತ ಮೊದಲೇ ಜೀವ ತೆಗೆಯಬಹುದು. ತಿನ್ನಿಸುವುದನ್ನು ನಿಲ್ಲಿಸಿ, ಹತ್ತಿರದ ಪಶು ಆಸ್ಪತ್ರೆಗೋ 1962ಕ್ಕೋ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸುವ ಸಂಖ್ಯೆ ಅದು.

ಹಾರದೊಳಗಿನ ತಂತಿ

ಗಣೇಶನ ಹಬ್ಬ, ಆಯುಧಪೂಜೆ ಮುಗಿದ ಮೇಲೆ ಬಾಡಿದ ಹಾರಗಳು, ಬಾಳೆಕಂದು, ಮಾವಿನ ತೋರಣ ಎಲ್ಲ ದನದ ಮುಂದೆ ಬೀಳುತ್ತವೆ. ದೇವರಿಗೆ ಏರಿಸಿದ ಹೂವನ್ನು ತಿಪ್ಪೆಗೆ ಹಾಕಬಾರದು, ಹಸು ತಿನ್ನಲಿ ಎಂಬ ಭಾವನೆ. ಹಿಂದೆ ಹೂವನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು, ಹಸು ತಿಂದರೆ ನಾರೂ ಅರಗುತ್ತಿತ್ತು. ಈಗ ಅಂಗಡಿಯ ದೊಡ್ಡ ಹಾರಗಳಲ್ಲಿ ತೆಳು ತಂತಿ, ನೈಲಾನ್ ದಾರ, ಮಿಂಚುವ ಪ್ಲಾಸ್ಟಿಕ್ ಪಟ್ಟಿ, ಸ್ಟೇಪಲ್ ಪಿನ್ನು ಇರುತ್ತವೆ.

ದನ ಆಡಿನಂತೆ ಆರಿಸಿ ತಿನ್ನುವುದಿಲ್ಲ. ನಾಲಗೆಯಿಂದ ಬಾಚಿ ಒಳಕ್ಕೆಳೆದು ಸರಿಯಾಗಿ ಅಗಿಯದೆ ನುಂಗುತ್ತದೆ. ಭಾರವಾದ ಲೋಹ ಎರಡನೆಯ ಹೊಟ್ಟೆಯಾದ ರೆಟಿಕ್ಯುಲಮ್‌ನಲ್ಲಿ ಹೋಗಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆಯ ತೆಳು ಗೋಡೆ ಮತ್ತು ಕೆಲವೇ ಸೆಂಟಿಮೀಟರಿನ ದೂರ. ಹೊಟ್ಟೆ ಹಿಂಡಿದಂತೆಲ್ಲ ತಂತಿಯ ತುದಿ ಮುಂದಕ್ಕೆ ಚುಚ್ಚಿಕೊಂಡು ಹೋಗಿ ಒಂದು ದಿನ ಹೃದಯದ ಚೀಲವನ್ನು ಮುಟ್ಟುತ್ತದೆ. ಎದೆಯ ಮುಂಭಾಗ, ಗಂಗೆದೊಗಲು ಊದಿಕೊಳ್ಳುತ್ತವೆ. ಹಸು ಮೊಣಕೈಯನ್ನು ಹೊರಕ್ಕೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ. ಆ ಹಂತಕ್ಕೆ ಬಂದ ಹಸುವಿಗೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ತಿಂದದ್ದು ಹಬ್ಬದಲ್ಲಾದರೆ ಸಾಯುವುದು ಎಷ್ಟೋ ವಾರಗಳ ನಂತರವಾದ್ದರಿಂದ ಮನೆಯವರಿಗೆ ಹಬ್ಬಕ್ಕೂ ಸಾವಿಗೂ ನಂಟು ಹೊಳೆಯುವುದೇ ಇಲ್ಲ.

2021ರಲ್ಲಿ ಶಿರಸಿ ತಾಲ್ಲೂಕಿನಲ್ಲಿ ಗೋಪೂಜೆಗೆ ಬಳಸಿದ ಚಿನ್ನದ ಸರವೊಂದು ಹೂವಿನ ಜೊತೆ ಹಸುವಿನ ಹೊಟ್ಟೆ ಸೇರಿ, ಕೊನೆಗೆ ಶಸ್ತ್ರಚಿಕಿತ್ಸೆಯಿಂದ ಹೊರಬಂದದ್ದು ದೊಡ್ಡ ಸುದ್ದಿಯಾಯಿತು. ನಾನು ಆ ಸುದ್ದಿಯನ್ನು ಊರೂರಿನ ಸಭೆಗಳಲ್ಲಿ ಹೇಳಿದ್ದೇನೆ. ಸರ ಕಳೆದರೆ ಮನೆಯವರು ಹುಡುಕುತ್ತಾರೆ, ಹಸುವಿನ ಹೊಟ್ಟೆಯವರೆಗೂ ಹುಡುಕುತ್ತಾರೆ. ಹಾರದಲ್ಲಿದ್ದ ತಂತಿ ಕಾಣೆಯಾದರೆ ಹುಡುಕುವವರಿಲ್ಲ. ಆದ್ದರಿಂದ ಹುಡುಕಾಟ ಮೊದಲೇ ನಡೆಯಬೇಕು: ಹಾರವನ್ನು ಬಿಡಿಸಿ, ದಾರ ತಂತಿ ತೆಗೆದು, ಬರೀ ಹೂವು ಎಲೆಗಳನ್ನು ಹಾಕಬೇಕು. ಇದು ಮನೆಯ ಮಕ್ಕಳು ಕೂತು ಮಾಡಬಹುದಾದ ಕೆಲಸ. ಜಾತ್ರೆ, ಮದುವೆ, ತಿಥಿ ಊಟಗಳ ಪ್ಲಾಸ್ಟಿಕ್ ಹಾಳೆಯ ಎಲೆ, ಸಾಂಬಾರಿನ ಕವರು, ಲೋಟಗಳಿಗೂ ಇದೇ ಮಾತು. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆಗಳನ್ನು ನಿಷೇಧಿಸಿದೆ. ಆದರೂ ಹೊಟ್ಟೆ ಕೊಯ್ದಾಗ ನಮ್ಮ ಕೈಗೆ ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ ಉಂಡೆಗಳು ಸಿಗುತ್ತಲೇ ಇವೆ.

ಕಿಚ್ಚು ಮತ್ತು ಕೊಂಬು

ಸಂಕ್ರಾಂತಿ ದನಗಳ ಹಬ್ಬ. ಸುಗ್ಗಿ ಮುಗಿದಿದೆ, ಉತ್ತು ಬಿತ್ತಿ ಕಣ ತುಳಿದ ಎತ್ತುಗಳಿಗೆ ಕೃತಜ್ಞತೆ ಹೇಳುವ ದಿನ. ಬೆಳಗ್ಗೆ ಕೆರೆಯಲ್ಲಿ ಮೈತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಗೆ ಜೂಲು ಹಾಕಿ, ಮುಸ್ಸಂಜೆಗೆ ಕಿಚ್ಚು ಹಾಯಿಸುತ್ತಾರೆ. ಮೈಸೂರಿನ ಹತ್ತಿರದ ಸಿದ್ದಲಿಂಗಪುರದ ಕಿಚ್ಚು ನೋಡಲು ದೂರದಿಂದ ಜನ ಬರುತ್ತಾರೆ. ಈ ಹಬ್ಬದ ಚೆಲುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ದುಡಿಯುವ ಪ್ರಾಣಿಗೆ ವರ್ಷದಲ್ಲೊಂದು ದಿನವನ್ನೇ ಮೀಸಲಿಟ್ಟ ಜನ ನಾವು ಎಂಬುದು ಹೆಮ್ಮೆಯ ಮಾತು. ಅದಕ್ಕಾಗಿಯೇ ಆ ದಿನ ಅವುಗಳಿಗೆ ನೋವಾಗಬಾರದು ಎನ್ನುತ್ತೇನೆ.

ಕಿಚ್ಚು ಹಾಯಿಸಿದರೆ ಉಣ್ಣೆ ಉದುರುತ್ತದೆ ಎಂಬ ನಂಬಿಕೆ ಇದೆ. ಉಣ್ಣೆಗಳು ಕೂರುವುದು ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುವ ಬೆಂಕಿ ಅಲ್ಲಿಗೆ ತಲುಪುವುದಿಲ್ಲ, ತಲುಪುವಷ್ಟು ಹೊತ್ತು ನಿಂತರೆ ಚರ್ಮವೇ ಸುಡುತ್ತದೆ. ಹೊಟ್ಟೆ ತುಂಬ ರಕ್ತ ಹೀರಿದ ಹೆಣ್ಣು ಉಣ್ಣೆ ಮೈಯಿಂದ ಕೆಳಗುದುರಿ ಕೊಟ್ಟಿಗೆಯ ನೆಲದಲ್ಲೋ ಗೋಡೆಯ ಬಿರುಕಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಥೈಲೀರಿಯಾ, ಬಬೇಸಿಯಾದಂಥ ಜ್ವರಗಳನ್ನು ಹರಡಿ ಸೀಮೆಹಸುಗಳನ್ನು ಕೊಲ್ಲುವುದು ಈ ಉಣ್ಣೆಗಳೇ. ಆ ಬಿರುಕುಗಳನ್ನು ಮೆತ್ತಿ, ಸುಣ್ಣ ಬಳಿದು, ವೈದ್ಯರು ಹೇಳಿದ ಔಷಧಿ ಹಚ್ಚಿದರೆ ಉಣ್ಣೆ ಹೋಗುತ್ತದೆ. ಸಂಕ್ರಾಂತಿಗೆ ಮನೆಗೆ ಸುಣ್ಣ ಬಳಿಯುವವರು ಕೊಟ್ಟಿಗೆಗೂ ಬಳಿದರೆ ಅದು ದನಕ್ಕೆ ಆಗುವ ನಿಜವಾದ ಉಪಕಾರ.

ಕಿಚ್ಚಿನ ಮರುದಿನ ನಾನು ನೋಡುವುದು ಸುಟ್ಟ ಕೆಚ್ಚಲು, ಬೆಂದ ಗೊರಸಿನ ಸಂದು, ಮೂಗುದಾರ ಜಗ್ಗಿ ಹರಿದ ಮೂಗು, ಬೆದರಿ ಜಾರಿಬಿದ್ದು ತೊಡೆಸಂದು ಉಳುಕಿದ ಹಸು. ಹುಲ್ಲು ಹೆಚ್ಚು ಹಾಕಿದಷ್ಟೂ ಜ್ವಾಲೆ ಎತ್ತರ, ಜ್ವಾಲೆ ಎತ್ತರವಾದಷ್ಟೂ ಶಿಳ್ಳೆ, ಶಿಳ್ಳೆ ಹೆಚ್ಚಾದಷ್ಟೂ ದನದ ಗಾಬರಿ. ಫೋನಿನಲ್ಲಿ ಚಿತ್ರ ತೆಗೆಯುವ ಜನ ಎರಡೂ ಬದಿಯಲ್ಲಿ ಕಿಕ್ಕಿರಿದು ನಿಂತಾಗ ಅದಕ್ಕೆ ಪಕ್ಕಕ್ಕೆ ಸರಿಯಲೂ ದಾರಿ ಇರುವುದಿಲ್ಲ. ಗಬ್ಬದ ಹಸು, ಕರು, ಮುದಿ ಎತ್ತು ಯಾವುದಕ್ಕೂ ರಿಯಾಯಿತಿ ಇರುವುದಿಲ್ಲ.

ಒಂದು ಊರಿನಲ್ಲಿ ಇದನ್ನೆಲ್ಲ ಹೇಳಿದಾಗ ಹುಡುಗರು ಸಿಟ್ಟಾದರು. ‘ತಾತನ ಕಾಲದಿಂದ ಬಂದದ್ದನ್ನ ನಿಲ್ಸು ಅಂತೀರಲ್ಲ ಸಾ’ ಎಂದರು. ಆಗ ಹಿರಿಯರೊಬ್ಬರು ಅವರನ್ನು ಸುಮ್ಮನಾಗಿಸಿ, ತಮ್ಮ ಹುಡುಗತನದ ಕಿಚ್ಚಿನಲ್ಲಿ ಬೆಂಕಿ ಮೊಣಕಾಲುದ್ದಕ್ಕೂ ಏಳುತ್ತಿರಲಿಲ್ಲ, ದನಗಳನ್ನು ಅವುಗಳ ಯಜಮಾನರೇ ಹಿಡಿದು ದಾಟಿಸುತ್ತಿದ್ದರು, ಗಬ್ಬದವನ್ನು ತರುತ್ತಲೇ ಇರಲಿಲ್ಲ ಎಂದು ಬಿಡಿಸಿ ಹೇಳಿದರು. ಆ ಊರಿನಲ್ಲಿ ಈಗ ರಸ್ತೆಯ ಒಂದು ಬದಿಗೆ ಕಿಚ್ಚು ಹಾಕುತ್ತಾರೆ, ದನಗಳು ಅದರ ಪಕ್ಕದಲ್ಲಿ ನಡೆದುಹೋಗುತ್ತವೆ, ಆರತಿ ಆಗುತ್ತದೆ. ಹಬ್ಬದ ಕಳೆ ಒಂದಿಷ್ಟೂ ಕಡಿಮೆಯಾಗಿಲ್ಲ. ಸಂಪ್ರದಾಯದ ಹೆಸರಿನಲ್ಲಿ ನಾವು ಕಾಪಾಡುತ್ತಿರುವುದರಲ್ಲಿ ಎಷ್ಟೋ ಇತ್ತೀಚಿನ ಅತಿರೇಕ, ಹಿರಿಯರನ್ನು ಕೇಳಿದರೆ ಅವರಲ್ಲೇ ಇದಕ್ಕಿಂತ ಮೃದುವಾದ ದಾರಿ ಸಿಗುತ್ತದೆ ಎಂಬುದು ಅಲ್ಲಿ ನಾನು ಕಲಿತ ಪಾಠ.

ಕೊಂಬಿನ ವಿಷಯವೂ ಹೀಗೆಯೇ. ಹಳ್ಳಿಕಾರ್ ಎತ್ತಿನ ಉದ್ದ ಕೊಂಬು ನಮ್ಮ ಸೀಮೆಯ ಅಂದ. ಅದನ್ನು ಇನ್ನಷ್ಟು ನುಣುಪಾಗಿಸಲು ಹೆರೆಯುತ್ತಾರೆ. ಕೊಂಬಿನ ಹೊರಪದರ ಉಗುರಿನಂತೆ ನಿರ್ಜೀವವಾದರೂ ಒಳಗೆ ರಕ್ತ, ನರ ಇರುವ ಜೀವಂತ ಮೂಳೆ ಇದೆ. ಹೆರೆದು ಹೆರೆದು ಹೊರಪದರ ತೆಳುವಾದರೆ ಬಿಸಿಲು, ಪೆಟ್ಟು ಎಲ್ಲವೂ ನೇರವಾಗಿ ಒಳಕ್ಕೆ ತಾಗುತ್ತವೆ. ಎತ್ತುಗಳಲ್ಲಿ ಕಾಣುವ ಕೊಂಬಿನ ಕ್ಯಾನ್ಸರಿಗೆ ಹೀಗೆ ಪದೇ ಪದೇ ಆಗುವ ಕಿರಿಕಿರಿಯೂ ಒಂದು ಕಾರಣ ಎಂದು ವೈದ್ಯರು ಹೇಳುತ್ತಾರೆ. ಕಬ್ಬಿಣದ ಗೇಟಿಗೆ ಬಳಿಯುವ ಎಣ್ಣೆಬಣ್ಣದ ಬದಲು ಅರಿಸಿನ, ಕೆಮ್ಮಣ್ಣು ಹಚ್ಚಬಹುದು. ದನಗಳು ಒಂದನ್ನೊಂದು ನೆಕ್ಕುತ್ತವೆ, ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಪಟ್ಟಣದ ಗೃಹಪ್ರವೇಶಗಳಲ್ಲಿ ಹಸುವನ್ನು ನುಣುಪಾದ ಟೈಲ್ಸ್, ಗ್ರಾನೈಟಿನ ಮೇಲೆ ಎಳೆದೊಯ್ಯುವುದನ್ನೂ ಇಲ್ಲೇ ಹೇಳಬೇಕು. ಗೊರಸಿಗೆ ಆ ನೆಲದಲ್ಲಿ ಹಿಡಿತವಿಲ್ಲ. ಹಿಂಗಾಲು ಎರಡೂ ಕಡೆಗೆ ಜಾರಿ ಸೊಂಟ ಮುರಿದುಕೊಂಡರೆ ಮತ್ತೆ ನಿಲ್ಲುವುದು ಕಷ್ಟ. ಬಾಗಿಲಿನ ಹೊರಗೇ ಪೂಜೆ ಮಾಡಬಹುದು, ಒಳಗೆ ತರಲೇಬೇಕಾದರೆ ಗೋಣಿಚೀಲ ಹಾಸಬಹುದು. ಕರುವನ್ನು ಜೊತೆಗೇ ಕರೆತಂದರೆ ಹಸುವಿನ ಅರ್ಧ ಗಾಬರಿ ಇಳಿಯುತ್ತದೆ.

ಪಟಾಕಿಯ ರಾತ್ರಿ

ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳಿಸಿಕೊಂಡರೆ ನಾಯಿಯ ಕಿವಿ 45,000 ಹರ್ಟ್ಸ್‌ಗೂ ಮೀರಿ, ಬೆಕ್ಕಿನ ಕಿವಿ ಅದಕ್ಕಿಂತಲೂ ಹೆಚ್ಚು ಕೇಳುತ್ತದೆ. ವಸತಿ ಪ್ರದೇಶಗಳಲ್ಲಿ ರಾತ್ರಿಯ ಶಬ್ದ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಒಂದು ಪಟಾಕಿಗೆ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗೆ ಅನುಮತಿ ಇದೆ. ನಾಯಿಗೆ ಈ ಸದ್ದು ಏಕೆ ಬಂತು, ಯಾವಾಗ ನಿಲ್ಲುತ್ತದೆ ಎಂದು ತಿಳಿಯುವ ದಾರಿ ಇಲ್ಲ. ಅದು ಸರಪಳಿ ಕಿತ್ತುಕೊಂಡು ಓಡುತ್ತದೆ, ಕಾಂಪೌಂಡು ಹಾರುತ್ತದೆ, ಹೆದ್ದಾರಿಗೆ ಬೀಳುತ್ತದೆ. ದೀಪಾವಳಿಯ ಮರುದಿನ ಬರುವ ನಾಯಿಗಳಲ್ಲಿ ಸುಟ್ಟವುಗಳಿಗಿಂತ ವಾಹನಕ್ಕೆ ಸಿಕ್ಕವು ಹೆಚ್ಚು. ಬೀದಿನಾಯಿಯ ಬಾಲಕ್ಕೆ ಸರಪಟಾಕಿ ಕಟ್ಟುವವರೂ ಇದ್ದಾರೆ. ಅದು ತಿಳಿವಳಿಕೆಯ ಕೊರತೆಯಲ್ಲ, ಕ್ರೌರ್ಯ. ಅದನ್ನು ಕಂಡವರು ಪೊಲೀಸರಿಗೆ ತಿಳಿಸಬೇಕು.

ಸಾಕಿದವರಿಗೆ ನಾನು ಹೇಳುವುದು ಇಷ್ಟು. ಬೆಳಕಿರುವಾಗಲೇ ನಾಯಿಯನ್ನು ಸುತ್ತಾಡಿಸಿ, ಊಟ ಹಾಕಿ. ಕತ್ತಲಾಗುವ ಮುನ್ನ ಕಿಟಕಿ ಮುಚ್ಚಿದ ಒಳಕೋಣೆಗೆ ಬಿಡಿ, ರೇಡಿಯೋ ಹಚ್ಚಿ. ಅದು ಮಂಚದಡಿ ನುಗ್ಗಿದರೆ ಎಳೆಯಬೇಡಿ, ತನಗೆ ಬೇಕಾದ ಜಾಗವನ್ನು ಅದೇ ಆರಿಸಿಕೊಂಡಿದೆ. ಹತ್ತಿರ ಬಂದರೆ ಮೈದಡವಿ, ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಕೊರಳಪಟ್ಟಿಗೆ ಫೋನ್ ಸಂಖ್ಯೆ ಬರೆದ ಬಿಲ್ಲೆ ಇರಲಿ. ಮನುಷ್ಯರ ನಿದ್ದೆಮಾತ್ರೆ ಕೊಡಲೇಬೇಡಿ. ಕೆಲವು ಮಂಪರು ಔಷಧಗಳು ಮೈಯನ್ನು ಅಲುಗಾಡದಂತೆ ಮಾಡುತ್ತವೆಯೇ ಹೊರತು ಭಯವನ್ನು ಕಡಿಮೆ ಮಾಡುವುದಿಲ್ಲ. ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ವಾರಗಳ ಮೊದಲೇ ವೈದ್ಯರನ್ನು ಕಾಣಿ.

ಕೊಟ್ಟಿಗೆಯ ಹಸುವೂ ಇದೇ ಭಯ ಪಡುತ್ತದೆ, ಆದರೆ ಕಣ್ಣಿ ಬಿಗಿದಿರುವುದರಿಂದ ಓಡಲಾರದು. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರಿ, ಹಾಲು ಇಳಿಸುವ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ. ಕೆಚ್ಚಲು ತುಂಬಿದ್ದರೂ ಹಸು ಹಾಲು ಬಿಡುವುದಿಲ್ಲ. ಒಂದೂರಿನ ಡೈರಿಯಲ್ಲಿ ಹಬ್ಬದ ಹಿಂದಿನ ಮತ್ತು ಮುಂದಿನ ದಿನದ ಹಾಲಿನ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ರೈತರು ತಾವೇ ಮಾತಾಡಿಕೊಂಡರು. ಕೊಟ್ಟಿಗೆ ಸಾಲಿನಿಂದ ದೂರದ ಬಯಲಿನಲ್ಲಿ ಪಟಾಕಿ ಹೊಡೆಯುವುದು, ರಾತ್ರಿ ಹತ್ತಕ್ಕೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10ರ ಮಿತಿ ಹಾಕಿ, ಕಡಿಮೆ ಹೊಗೆಯ ಹಸಿರು ಪಟಾಕಿಗಳನ್ನಷ್ಟೇ ಒಪ್ಪಿತ್ತು. ಆ ಆದೇಶ ಊರಿಗೆ ತಲುಪಿದ್ದು ಡೈರಿಯ ಲೆಕ್ಕದ ಪುಸ್ತಕದ ಮೂಲಕ.

ನಾಳೆ ಕುಯ್ಯುವ ಕುರಿ

ಪ್ರಾಣಿದಯೆಯ ಮಾತು ಬಂದಾಗ ಮಾಂಸದ ಹಬ್ಬಗಳನ್ನು ಮರೆತುಬಿಡುವುದು, ಇಲ್ಲವೇ ಉಣ್ಣುವವರನ್ನು ಬೈದು ಮುಗಿಸುವುದು ಎರಡೂ ಸುಲಭ. ನಾನು ಎರಡನ್ನೂ ಮಾಡಲಾರೆ. ನಮ್ಮ ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ವರ್ಷವಿಡೀ ಚೀಟಿ ಕಟ್ಟಿ, ಓಣಿಯವರೆಲ್ಲ ಸೇರಿ ಗುಡ್ಡೆ ಮಾಂಸ ಹಂಚಿಕೊಳ್ಳುತ್ತಾರೆ. ಬಕ್ರೀದಿಗೆ ಬನ್ನೂರು ಕುರಿಗಳು ಬೆಂಗಳೂರಿಗೆ ಹೋಗುತ್ತವೆ. ಮಾರಿಹಬ್ಬಕ್ಕೆ ಕೋಳಿಗಳು ಬರುತ್ತವೆ. ಉಣ್ಣುವವರೂ ಸಾಕುವವರೂ ನನ್ನ ಜನ. ಅವರ ಕುರಿ ಮೇಕೆಗಳಿಗೆ ಲಸಿಕೆ ಹಾಕುವವನೂ ನಾನೇ.

ಸಂತೆಯಲ್ಲಿ ಒಮ್ಮೆ ಬಿಸಿಲಿಗೆ ಕಟ್ಟಿದ್ದ ಕುರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ನೀರು ಕುಡಿಸಿ ಎಂದಾಗ ಒಬ್ಬರು ಹೇಳಿದರು: ‘ಹೆಂಗಿದ್ರೂ ನಾಳೆ ಕುಯ್ಯೋ ಕುರಿ, ನೀರ್ ಯಾಕ್ ಸಾ?’ ದಣಿದು ಹೆದರಿದ ಪ್ರಾಣಿಯ ಮಾಂಸಖಂಡದಲ್ಲಿನ ಶಕ್ತಿಯ ದಾಸ್ತಾನು ಕರಗಿಹೋಗಿ, ಮಾಂಸ ಕಪ್ಪಾಗಿ ಬಿರುಸಾಗುತ್ತದೆ, ಬೇಗ ಕೆಡುತ್ತದೆ ಎಂದು ನಾನು ವಿವರಿಸಿದೆ. ಅವರು ಬಕೆಟ್ ತಂದರು. ಆದರೆ ನಿಜವಾದ ಕಾರಣ ಮಾಂಸದ ಗುಣವಲ್ಲ. ಇವತ್ತಿನ ಬಾಯಾರಿಕೆ ಇವತ್ತಿನದೇ. ನಾಳೆ ಜೀವ ಹೋಗುತ್ತದೆ ಎಂಬುದು ಇವತ್ತಿನ ದಾಹವನ್ನು ಕಡಿಮೆ ಮಾಡುವುದಿಲ್ಲ. ನಮ್ಮ ಹೊಟ್ಟೆಗಾಗಿ ಜೀವ ಕೊಡುವ ಪ್ರಾಣಿಗೆ ನಾವು ಹೆಚ್ಚೇ ಋಣಿಗಳು.

ಕಾನೂನೂ ಇದನ್ನೇ ಹೇಳುತ್ತದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ವಧೆಗೆ ಮುನ್ನ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಸಿಗಬೇಕು, ಇನ್ನೊಂದು ಪ್ರಾಣಿಯ ಕಣ್ಣೆದುರು ಕುಯ್ಯಬಾರದು, ಗಬ್ಬದ ಪ್ರಾಣಿಯನ್ನು ಕುಯ್ಯಲೇಬಾರದು. ಇದನ್ನು ಪಾಲಿಸಲು ಬೇಕಾದದ್ದು ನೆರಳು, ನೀರು, ಒಂದು ಮರೆ. ಬೈಕಿನ ಹ್ಯಾಂಡಲ್ಲಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕುವುದು ಈಗಲೂ ಸಾಮಾನ್ಯ. ಹಕ್ಕಿಗಳಿಗೆ ನಮಗಿರುವಂಥ ವಪೆ ಇಲ್ಲ. ತಲೆಕೆಳಗಾದಾಗ ಒಳಗಿನ ಅಂಗಗಳ ಭಾರವೆಲ್ಲ ಉಸಿರಾಟದ ಚೀಲಗಳ ಮೇಲೆ ಬಿದ್ದು ಪ್ರತಿ ಉಸಿರಿಗೂ ಅವು ಒದ್ದಾಡುತ್ತವೆ. ಒಂದು ಬಿದಿರುಬುಟ್ಟಿ ಆ ಒದ್ದಾಟವನ್ನು ತಪ್ಪಿಸುತ್ತದೆ.

ಕಾನೂನಿಗಿಂತ ಮುಂಚೆ ತಲುಪುವುದು

ಪ್ರಾಣಿಹಿಂಸೆ ತಡೆಯಲು ನಮ್ಮಲ್ಲಿ ಕಾನೂನು ಬಂದದ್ದು 1960ರಲ್ಲಿ. ಅದರ ಹಿಂದೆ ಭರತನಾಟ್ಯ ಕಲಾವಿದೆಯೂ ರಾಜ್ಯಸಭಾ ಸದಸ್ಯೆಯೂ ಆಗಿದ್ದ ರುಕ್ಮಿಣಿದೇವಿ ಅರುಂಡೇಲ್ ಅವರ ಶ್ರಮವಿತ್ತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಮುಖ್ಯಸ್ಥೆಯಾದರು. ಆದರೆ ಮೊದಲ ತಪ್ಪಿಗೆ ಆ ಕಾನೂನು ಹೇಳುವ ದಂಡ 10ರಿಂದ 50 ರೂಪಾಯಿ. ಒಂದು ಹಾರದ ಬೆಲೆಗೂ ಸಾಲದ ಮೊತ್ತ. ಅದನ್ನು ಹೆಚ್ಚಿಸಬೇಕೆಂಬ ಬೇಡಿಕೆ ಹಳೆಯದು, ನನ್ನ ಬೇಡಿಕೆಯೂ ಹೌದು. ಆದರೂ ಆ ಕಾನೂನಿನ ಮೂರನೆಯ ಸೆಕ್ಷನ್ ನನಗೆ ಬಹಳ ಮುಖ್ಯ. ಪ್ರಾಣಿಯ ಹೊಣೆ ಹೊತ್ತ ಪ್ರತಿಯೊಬ್ಬರೂ ಅದರ ಯೋಗಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವನ್ನು ತಪ್ಪಿಸಬೇಕು ಎಂದು ಅದು ಹೇಳುತ್ತದೆ. ಸುಪ್ರೀಂ ಕೋರ್ಟು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಹಸಿವು ಬಾಯಾರಿಕೆಯಿಂದ, ಅಹಿತದಿಂದ, ನೋವು ರೋಗಗಳಿಂದ, ಭಯ ಸಂಕಟದಿಂದ ಬಿಡುಗಡೆ ಮತ್ತು ತನ್ನ ಸ್ವಭಾವದಂತೆ ಬಾಳುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಇಂಥ ಆಟಗಳಿಗೆ ಅವಕಾಶ ಕೊಡುವ ರಾಜ್ಯಗಳ ತಿದ್ದುಪಡಿ ಕಾನೂನುಗಳನ್ನು 2023ರಲ್ಲಿ ಸಂವಿಧಾನ ಪೀಠ ಒಪ್ಪಿದ್ದರಿಂದ ಕಂಬಳ, ಎತ್ತಿನಗಾಡಿ ಓಟಗಳು ನಿಬಂಧನೆಗಳೊಂದಿಗೆ ನಡೆಯುತ್ತಿವೆ. ಆದರೆ ಮನೆಯ ಕೊಟ್ಟಿಗೆಯ ಹಸುವಿನ ವಿಷಯದಲ್ಲಿ ಆ ಐದನ್ನು ಪಾಲಿಸಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.

ನನ್ನ ಕೆಲಸದ ರೀತಿಯನ್ನೂ ಈ ಅನುಭವವೇ ರೂಪಿಸಿತು. ಹಬ್ಬ ಮುಗಿದ ಮೇಲೆ ಹೇಳುವ ಬುದ್ಧಿಮಾತು ಸಂಕಟದಲ್ಲಿರುವವರಿಗೆ ಬೈಗುಳದಂತೆ ಕೇಳಿಸುತ್ತದೆ. ಹಬ್ಬಕ್ಕೆ ಎರಡು ವಾರ ಮೊದಲು, ಹಾಲು ಹಾಕಲು ಜನ ಸೇರುವ ಹೊತ್ತಿಗೆ ಡೈರಿಯ ಮುಂದೆ ಹೇಳಿದ ಮಾತು ಮನೆ ಸೇರುತ್ತದೆ. ಸಭೆಗೆ ಬರುವವರು ಗಂಡಸರಾದರೂ ಹಸುವಿನ ಮುಂದೆ ಎಡೆ ಇಡುವುದು, ಕಲಗಚ್ಚು ಸುರಿಯುವುದು ಹೆಂಗಸರು. ಆದ್ದರಿಂದ ಅವರ ಜೊತೆ ಮಾತಾಡಬೇಕು. ಶಾಲೆಯ ಮಕ್ಕಳಿಗೆ ಒಂದು ಕೆಲಸ ವಹಿಸಬೇಕು: ಹಾರ ಬಿಡಿಸುವುದು, ನಾಯಿಗೆ ಕೋಣೆ ಸಿದ್ಧ ಮಾಡುವುದು. ‘ಮಾಡಬೇಡಿ’ ಎನ್ನುವ ಪ್ರತಿಯೊಂದು ಕಡೆಯೂ ಅದರ ಬದಲು ಮಾಡಬಹುದಾದ್ದನ್ನು ಕೈಗೆ ಕೊಡಬೇಕು. ಹಬ್ಬವನ್ನು ಕಿತ್ತುಕೊಳ್ಳಲು ಬಂದವರೆಂದು ಅನ್ನಿಸಿದ ಕ್ಷಣ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರ ಹಬ್ಬ ಇನ್ನಷ್ಟು ಚೆನ್ನಾಗಿ ಆಗಲಿ ಎಂದು ಬಂದವರೆಂದು ತಿಳಿದರೆ ಕೂರಿಸಿ ಕಾಫಿ ಕೊಟ್ಟು ಕೇಳುತ್ತಾರೆ.

ಈ ಸಲದ ಹಬ್ಬಕ್ಕೆ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದು ಪ್ರಾಣಿ ಇದ್ದರೆ, ಪೂಜೆಯ ಸಾಮಾನಿನ ಪಟ್ಟಿ ಬರೆಯುವಾಗ ಅದರ ಹೆಸರಿನಲ್ಲಿ ನಾಲ್ಕು ಸಾಲು ಸೇರಿಸಿ: ಅದು ಏನು ತಿನ್ನುತ್ತದೆ, ಎಲ್ಲಿ ನಿಲ್ಲುತ್ತದೆ, ಸದ್ದಾದಾಗ ಎಲ್ಲಿಗೆ ಹೋಗುತ್ತದೆ, ಹುಷಾರು ತಪ್ಪಿದರೆ ಯಾರಿಗೆ ಫೋನು ಮಾಡಬೇಕು. ಇಷ್ಟನ್ನು ಮೊದಲೇ ಯೋಚಿಸಿದ ಮನೆಗಳಿಂದ ಹಬ್ಬದ ಮರುದಿನ ನನಗೆ ಕರೆ ಬಂದದ್ದು ತೀರಾ ಕಡಿಮೆ. ಎಲ್ಲ ಮನೆಗಳಲ್ಲೂ ಹಾಗಾಗಲಿ ಎಂಬುದೇ ನನ್ನ ಕೋರಿಕೆ.